ಓದಿ ಹೇಳುವ ಯಂತ್ರ: ಬೆಂಗಳೂರಿನ ಸಿಂಪ್ಯೂಟರ್ ಕಥೆ

ಪಹಣಿಯ 12ನೇ ಕಾಲಂ ಬರೆಯುವುದರಲ್ಲೇ ನನ್ನ ನೌಕರಿಯ ಬಹುಭಾಗ ಕಳೆಯಿತು. ನಾನು ಗ್ರಾಮ ಲೆಕ್ಕಿಗನಾಗಿದ್ದವನು. ಯಾವ ಸರ್ವೆ ನಂಬರಿನಲ್ಲಿ ಯಾರು ಉಳುತ್ತಿದ್ದಾರೆ, ಏನು ಬಿತ್ತಿದ್ದಾರೆ, ನೀರಾವರಿಯೋ ಮಳೆಯಾಶ್ರಯವೋ ಎಂಬುದನ್ನು ಬದುವಿನ ಮೇಲೆ ನಿಂತು ನೋಡಿ ಬರೆಯಬೇಕು. ರಾಗಿ ಇರಬೇಕಾದ ಕಡೆ ಹುರುಳಿ ಎಂದು ಬಿದ್ದರೆ ಆ ರೈತನ ಬೆಳೆ ಪರಿಹಾರ, ವಿಮೆ, ಸಾಲ ಎಲ್ಲವೂ ತೊಡಕಿಗೆ ಸಿಕ್ಕುತ್ತವೆ. ಶಾನುಭೋಗಿಕೆ ರದ್ದಾಗಿ ದಶಕಗಳೇ ಆಗಿದ್ದರೂ ನಮ್ಮ ಕಡೆ ಹಿರಿಯರು ನಮ್ಮನ್ನು ಕರೆಯುತ್ತಿದ್ದುದು ಹಾಗೆಯೇ: "ಶಾನುಭೋಗ್ರೇ, ನಮ್ದ್ರಲ್ಲಿ ಏನ್ ಬರ್ದೈತೆ, ವಸಿ ಓದಿ ಯೋಳಿ." ಓದಲು ಬಾರದ ಮನುಷ್ಯ ತನ್ನ ಜಮೀನಿನ ವಿಷಯವನ್ನು ಇನ್ನೊಬ್ಬನ ಬಾಯಿಂದ ಕೇಳಿ ನಂಬಬೇಕಿತ್ತು. ಓದಬಲ್ಲವನ ಕೈಗೆ ಅದರಿಂದ ಎಂಥ ಅಧಿಕಾರ ಬರುತ್ತದೆ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ.

ಅದಕ್ಕೇ ಸಿಂಪ್ಯೂಟರ್ ಎಂಬ ಯಂತ್ರದ ಇತಿಹಾಸ ನನಗೆ ಇಷ್ಟು ಮುಖ್ಯ. ಓದು ಬಾರದವರೂ ತಾವೇ ಬಳಸಬಹುದಾದ, ಒಳಗಿನ ತಂತ್ರಾಂಶವನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ಕಂಪ್ಯೂಟರೊಂದನ್ನು ನಮ್ಮ ಬೆಂಗಳೂರಿನಲ್ಲೇ ಕಟ್ಟಿದರು. ಅದು ಉಳಿಯಲಿಲ್ಲ. ಆದರೆ ಅದು ಎತ್ತಿದ ಪ್ರಶ್ನೆಗಳು ಇವತ್ತಿಗೂ ಹಾಗೇ ಇವೆ.

1998ರ ಅಕ್ಟೋಬರಿನಲ್ಲಿ ಬೆಂಗಳೂರು ಐಟಿ.ಕಾಂ ಮೇಳದ ಜೊತೆಗೆ, ಬಡದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕು ಎಂದು ಚರ್ಚಿಸುವ ಅಂತರರಾಷ್ಟ್ರೀಯ ಸಮಾವೇಶವೊಂದು ನಡೆಯಿತು. ಅದರ ತಯಾರಿಯ ಮಾತುಕತೆಗಳಲ್ಲೇ ಈ ಯಂತ್ರದ ಯೋಚನೆ ಹುಟ್ಟಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಭಾಗದ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಒಂದು ಕಡೆ. ವಿನಯ್ ದೇಶಪಾಂಡೆ ನೇತೃತ್ವದ ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಇನ್ನೊಂದು ಕಡೆ. ಎಲ್ಲರೂ ಸೇರಿ ಲಾಭದ ಉದ್ದೇಶವಿಲ್ಲದ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಯಂತ್ರ ಸರಳವಾಗಿರಬೇಕು, ಅಗ್ಗವಾಗಿರಬೇಕು, ನಮ್ಮ ಭಾಷೆಗಳಲ್ಲಿ ಕೆಲಸ ಮಾಡಬೇಕು ಎಂಬುದು ಅವರ ಗುರಿ. ಸುಮಾರು 9,000 ರೂಪಾಯಿಗೆ ಅದು ಕೈಗೆ ಸಿಗಬೇಕೆಂದು ಲೆಕ್ಕ ಹಾಕಿದ್ದರು.

ತಂತ್ರಾಂಶಕ್ಕೆ ಅವರು ಲಿನಕ್ಸನ್ನು ಆರಿಸಿಕೊಂಡರು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿ, ಜಗತ್ತಿನ ಸಾವಿರಾರು ಜನ ಬೆಳೆಸಿದ ತಂತ್ರಾಂಶ ಅದು. ಯಂತ್ರಕ್ಕಿಷ್ಟು ಎಂದು ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. ಬೇಡದ್ದನ್ನು ತೆಗೆದು ಸಣ್ಣ ಮೆಮೊರಿಯಲ್ಲಿ ಕೂರಿಸಬಹುದು. ಕನ್ನಡ ಬರುವ ಹಾಗೆ ಮಾಡಲು ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಿಲ್ಲ. ಆದರೆ ಆ ಕಾಲದ ಲಿನಕ್ಸ್ ಬಲ್ಲವರ ಸೊತ್ತಾಗಿತ್ತು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಆಜ್ಞೆ ಬರೆಯಬೇಕು. ಒಂದಕ್ಷರ ತಪ್ಪಿದರೂ ಕೆಲಸ ನಿಲ್ಲುತ್ತದೆ. ಕಿಟಕಿ, ಚಿತ್ರ, ಮೌಸು ಇರುವ ಕೆಡಿಇ, ಗ್ನೋಮ್ ಎಂಬ ಪರದೆಗಳ ಮೊದಲ ಪೂರ್ಣ ಆವೃತ್ತಿಗಳು ಬಂದದ್ದು 1998 ಮತ್ತು 1999ರಲ್ಲಿ. ಅವೂ ಮೇಜಿನ ಮುಂದೆ ಕೂತು ಇಂಗ್ಲಿಷ್ ಓದುವವರಿಗೇ ಹೊಂದುವಂಥವು. ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಎಲ್ಲರ ಕೈಗೂ ಒಗ್ಗುವಂತೆ ಮಾಡುವುದು ಹೇಗೆ ಎಂಬ ಕಷ್ಟದ ಕೆಲಸ ಇಲ್ಲಿ ಶುರುವಾಯಿತು.

2001ರ ಏಪ್ರಿಲಿನಲ್ಲಿ ಸಿಂಪ್ಯೂಟರನ್ನು ಜನರ ಮುಂದಿಟ್ಟರು. ಅಂಗೈಯಲ್ಲಿ ಹಿಡಿಯುವಷ್ಟು ಅಳತೆ. ಕೀಲಿಮಣೆಯೂ ಇಲ್ಲ, ಮೌಸೂ ಇಲ್ಲ. ಕಡ್ಡಿಯಿಂದ ಪರದೆ ಮುಟ್ಟಿದರೆ ಸಾಕು. ಒಳಗೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಚಿಪ್, 32 ಎಂಬಿ ಮೆಮೊರಿ. ಕರೆಂಟಿಲ್ಲದ ಊರಿಗೂ ಆಗಲೆಂದು ಅಂಗಡಿಯಲ್ಲಿ ಸಿಗುವ ಸಣ್ಣ ಬ್ಯಾಟರಿ ಸೆಲ್ಲುಗಳಿಂದ ನಡೆಯುತ್ತಿತ್ತು. ಇಷ್ಟು ಸಣ್ಣ ಪರದೆಗೆಂದೇ ಐಎಂಎಲ್ ಎಂಬ ಪುಟ ಕಟ್ಟುವ ಭಾಷೆಯೊಂದನ್ನು ರೂಪಿಸಿದ್ದರು. ಅದರಲ್ಲಿ ಬರೆದ ಪುಟವನ್ನು ಯಂತ್ರ ತೋರಿಸುತ್ತದೆ, ಚಿತ್ರ ಮುಟ್ಟಿದರೆ ಮುಂದಿನ ಪುಟಕ್ಕೆ ಹೋಗುತ್ತದೆ, ಅಲ್ಲಿರುವುದನ್ನು ಓದಿಯೂ ಹೇಳುತ್ತದೆ.

ಈ ಓದುವ ಭಾಗದ ಹೆಸರು ಧ್ವನಿ. ಅದರ ಹಿಂದೆ ಇದ್ದವರು ರಮೇಶ್ ಹರಿಹರನ್. ಮೊದಲು ಅದು ಓದಿದ್ದು ಹಿಂದಿ ಮತ್ತು ಕನ್ನಡವನ್ನು. ನಮ್ಮ ಲಿಪಿಗಳಲ್ಲಿ ಬರೆದಂತೆ ಓದುವ ಅನುಕೂಲವಿದೆ. ಅದನ್ನೇ ಹಿಡಿದು, ವ್ಯಂಜನದ ಜೊತೆ ಸ್ವರ, ಸ್ವರದ ಜೊತೆ ವ್ಯಂಜನ ಎಂದು ಸಣ್ಣಸಣ್ಣ ಉಲಿಗಳನ್ನು ಮೊದಲೇ ರೆಕಾರ್ಡ್ ಮಾಡಿ ಇಟ್ಟುಕೊಂಡರು. ಪದ ಬಂದಾಗ ಬೇಕಾದ ಚೂರುಗಳನ್ನು ಆಯ್ದು ಜೋಡಿಸಿ ನುಡಿಸಿದರು. ಸಣ್ಣ ಮೆಮೊರಿಯಲ್ಲಿ ಹಿಡಿಯುವ ಉಪಾಯ ಇದು. ಆ ದಿನಗಳಲ್ಲಿ ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಅದು ಮಾತಾಡುವುದನ್ನು ಕೇಳಿದೆ. ಏರಿಳಿತವಿಲ್ಲದ, ಒಂದೇ ಸಮನಾದ ದನಿ. ಆದರೂ ಮಾತು ತಿಳಿಯುತ್ತಿತ್ತು, ಅದು ಕನ್ನಡವಾಗಿತ್ತು. ಮುದುಕಿಯೊಬ್ಬಳು ತನ್ನ ಖಾತೆಯ ವಿವರವನ್ನು ನನ್ನಂಥವನ ದಯೆಯಿಲ್ಲದೆ ಕೇಳಿಸಿಕೊಳ್ಳಬಹುದು ಎಂದು ನನಗೆ ತಟ್ಟನೆ ಹೊಳೆದದ್ದು ಅಲ್ಲೇ.

ಮನೆಗೊಂದು ಯಂತ್ರ ಕೊಳ್ಳಲು ಆಗದವರಿಗಾಗಿ ಸ್ಮಾರ್ಟ್ ಕಾರ್ಡಿನ ಏರ್ಪಾಟು ಮಾಡಿದ್ದರು. ಊರಿಗೊಂದೇ ಪವರ್ ಟಿಲ್ಲರ್ ಇದ್ದು ಸರದಿಯ ಮೇಲೆ ಹೊಲದಿಂದ ಹೊಲಕ್ಕೆ ಹೋಗುವ ಹಾಗೆ, ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ಒಂದು ಸಿಂಪ್ಯೂಟರ್ ಇರುತ್ತದೆ. ಪ್ರತಿಯೊಬ್ಬರೂ ತಮ್ಮ ಕಾರ್ಡು ತಂದು ತೂರಿಸಿದರೆ ಅಷ್ಟು ಹೊತ್ತು ಅದು ಅವರ ಯಂತ್ರ. ಬಡವನ ಮಾಹಿತಿ ಬಡವನ ಜೇಬಿನಲ್ಲೇ ಇರಬೇಕು ಎಂಬ ಈ ವಿಚಾರವನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಒಳಗಿನದ್ದನ್ನು ತೆರೆದಿಡುವ ವಿಷಯದಲ್ಲಿ ಅವರು ಇನ್ನೂ ಮುಂದೆ ಹೋದರು. ನೋಡಲು, ಬದಲಿಸಲು, ಹಂಚಲು ಎಲ್ಲರಿಗೂ ಹಕ್ಕು ಕೊಡುವ ಲಿನಕ್ಸಿನ ಜಿಪಿಎಲ್ ಪರವಾನಗಿ ತಂತ್ರಾಂಶಕ್ಕೆ ಅನ್ವಯಿಸುವಂಥದ್ದು. ಇವರು ಅದರ ಮಾದರಿಯಲ್ಲೇ ಹಾರ್ಡ್‌ವೇರಿಗೂ ಒಂದು ಪರವಾನಗಿ ಬರೆದರು. ಯಂತ್ರದ ವಿನ್ಯಾಸವನ್ನು ಯಾರು ಬೇಕಾದರೂ ನೋಡಬಹುದು. ತಯಾರಿಸಿ ಮಾರುವವರು ಟ್ರಸ್ಟಿಗೆ ಶುಲ್ಕ ಕಟ್ಟಬೇಕು. ತಾವು ಮಾಡಿದ ಸುಧಾರಣೆಯ ಲಾಭವನ್ನು ಮೊದಲು ಸ್ವಲ್ಪ ಕಾಲ ಅವರೇ ಪಡೆಯಬಹುದು, ಆಮೇಲೆ ಅದನ್ನು ಎಲ್ಲರಿಗೂ ಬಿಟ್ಟುಕೊಡಬೇಕು. ಕಸುಬುದಾರನಿಗೂ ಸಮಾಜಕ್ಕೂ ಅನ್ಯಾಯವಾಗದ ಹಾಗೆ ಹಾಕಿದ ಕಟ್ಟು ಅದು.

ಹೊರದೇಶದವರೂ ಇದನ್ನು ಗುರುತಿಸಿದರು. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ 2001ರ ಹೊಸ ವಿಚಾರಗಳ ಬಗ್ಗೆ ಬರೆಯುತ್ತಾ, ದೊಡ್ಡ ಕಂಪನಿಗಳ ಹೊಸ ಸರಕಿಗಿಂತ ಸಿಂಪ್ಯೂಟರೇ ಮಹತ್ವದ್ದು ಎಂದರು. ಪ್ರಾಧ್ಯಾಪಕರು ಪಿಕೊಪೀಟ ಎಂಬ ಕಂಪನಿ ತೆರೆದರು. 2004ರ ಮಾರ್ಚಿನಲ್ಲಿ, ಆ ಕಂಪನಿಯ ಜೊತೆಗೂಡಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಬೆಲೆ 9,950 ರೂಪಾಯಿಯಿಂದ ಶುರು. ಬಣ್ಣದ ಪರದೆಯದ್ದಕ್ಕೆ ಹೆಚ್ಚು. ಯಂತ್ರವನ್ನು ಕೈಯಲ್ಲಿ ಸ್ವಲ್ಪ ಆಡಿಸಿದರೆ ಪುಟ ತಿರುಗುತ್ತಿತ್ತು. ಫೋನುಗಳಲ್ಲಿ ಆ ಗುಣ ಸಾಮಾನ್ಯವಾದದ್ದು ಎಷ್ಟೋ ವರ್ಷಗಳ ನಂತರ.

ಅದು ಬಳಕೆಗೂ ಬಂತು. ರಾಜ್ಯ ಸರ್ಕಾರ ಭೂದಾಖಲೆ ಕೆಲಸಕ್ಕೆ ಬಳಸಿಕೊಂಡಿತು. ಮೈಸೂರಿನ ಸಂಘಮಿತ್ರ ಸಂಸ್ಥೆ ಸ್ವಸಹಾಯ ಸಂಘಗಳ ಕಿರುಸಾಲದ ವ್ಯವಹಾರಕ್ಕೆ ಹಿಡಿಯಿತು. ಛತ್ತೀಸಗಡದಲ್ಲಿ ಶಿಕ್ಷಣಕ್ಕೆ, ಗೋವಾದಲ್ಲಿ ಗಣಿಯಿಂದ ಬಂದರಿಗೆ ಹೋಗುವ ಅದಿರಿನ ಲೆಕ್ಕಕ್ಕೆ ನೆರವಾಯಿತು. ಆದರೂ ಮಾರಾಟ ಸಾವಿರಗಳಲ್ಲೇ ನಿಂತಿತು.

ಏಕೆ? ನನಗೆ ಕಾಣುವ ಕಾರಣ ಎರಡು. ಮೊದಲನೆಯದು ಮೊಬೈಲ್ ಫೋನ್. 2003ರಲ್ಲಿ ಬಂದ ನೋಕಿಯಾ 1100 ಧೂಳಿಗೆ ಜಗ್ಗುತ್ತಿರಲಿಲ್ಲ, ತಲೆಯ ಮೇಲೆ ಟಾರ್ಚ್ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ದೂರದಲ್ಲಿರುವ ಮಗನ ದನಿ ಕೇಳಿಸುತ್ತಿತ್ತು. ಒಂದೇ ಒಂದು ಕೆಲಸ, ಅದೂ ಕೊಂಡ ದಿನದಿಂದಲೇ. ಎರಡನೆಯದು ಇನ್ನೂ ಆಳದ್ದು. ಸಿಂಪ್ಯೂಟರ್ ಓದಿ ಹೇಳಬಲ್ಲದಾಗಿತ್ತು, ಆದರೆ ಓದಿ ಹೇಳಲು ಅದರೊಳಗೆ ಏನಿತ್ತು? ಪಹಣಿ, ಧಾರಣೆ, ಪಿಂಚಣಿ, ಆಸ್ಪತ್ರೆಯ ಚೀಟಿ ಎಲ್ಲ ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ಕಪಾಟುಗಳಲ್ಲಿ ಇದ್ದವು. ಅದೇ ವರ್ಷಗಳಲ್ಲಿ ನಡೆದ ಭೂಮಿ ಯೋಜನೆಯನ್ನು ನೋಡಿ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿ ನಿಲ್ಲಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕೊಟ್ಟರು. ಅಲ್ಲಿ ಬಹುಪಾಲು ರೈತರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಆದರೂ ಕೆಲಸವಾಯಿತು, ಏಕೆಂದರೆ ಅಲ್ಲಿ ದಾಖಲೆ ಮೊದಲು ಸಿದ್ಧವಾಗಿತ್ತು. ಸುಲಭತೆ ಪರದೆಯ ಮೇಲೆ ಮುಗಿಯುವುದಿಲ್ಲ. ಅದರ ಹಿಂದೆ ಕೂತು ಕೆಲಸ ಮಾಡುವ ಜನರನ್ನೂ ಕಚೇರಿಗಳನ್ನೂ ಸೇರಿಸಿಯೇ ಅದು ಪೂರ್ತಿಯಾಗುತ್ತದೆ.

ಯಂತ್ರ ಹೋಯಿತು, ಧ್ವನಿ ಉಳಿಯಿತು. ಸೋರ್ಸ್ ಕೋಡ್ ತೆರೆದಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡರು. ಮಲಯಾಳಂ ಸೇರಿದಂತೆ ಇನ್ನೂ ಹಲವು ಭಾಷೆಗಳು ಅದಕ್ಕೆ ಕೂಡಿದವು. ಇಂಥದ್ದೇ ಕೆಲಸ ಬೇರೆ ಕಡೆಯೂ ನಡೆಯಿತು. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರ್ರನ್ 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಎಂಬ, ಪರದೆ ಓದಿ ಹೇಳುವ ಉಚಿತ, ಮುಕ್ತ ತಂತ್ರಾಂಶ ಈಗ ಇಸ್ಪೀಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಕಣ್ಣು ಕಾಣದ ಕನ್ನಡಿಗರು ಯಾರಿಗೂ ಹಣ ಕೊಡದೆ ಕಂಪ್ಯೂಟರ್ ಬಳಸಬಲ್ಲವರಾಗಿದ್ದಾರೆ. ತಯಾರಿಸಿದ ಕಂಪನಿ ಮುಚ್ಚಿದರೂ ತೆರೆದಿಟ್ಟ ಕೆಲಸ ಇನ್ನೊಬ್ಬರ ಕೈಗೆ ದಾಟುತ್ತದೆ.

ಈಗ ರೈತನ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿಯೂ ಲಿನಕ್ಸೇ ಇದೆ. 2020ರಿಂದ ನಮ್ಮ ರಾಜ್ಯದಲ್ಲಿ ರೈತ ತನ್ನ ಬೆಳೆಯ ಫೋಟೊ ತೆಗೆದು ತಾನೇ ಬೆಳೆ ಸಮೀಕ್ಷೆ ಆಪ್‌ಗೆ ಹಾಕುತ್ತಾನೆ. ನಾನು ಬದುವಿನ ಮೇಲೆ ನಿಂತು ಮಾಡುತ್ತಿದ್ದ ಕೆಲಸ ಅವನ ಬೆರಳಿಗೆ ಬಂದಿದೆ. ಇದರಿಂದ ನನಗೆ ನಿಜವಾದ ಸಂತೋಷವಾಗಿದೆ. ಬಳಕೆ ಸುಲಭವಾಗಬೇಕೆಂಬ ಸಿಂಪ್ಯೂಟರಿನ ಒಂದು ಆಸೆ ಹೀಗೆ ಈಡೇರಿತು.

ಒಳಗಿನದ್ದು ಎಲ್ಲರಿಗೂ ತೆರೆದಿರಬೇಕೆಂಬ ಇನ್ನೊಂದು ಆಸೆ ಬಾಕಿ ಇದೆ. ಪಹಣಿಯನ್ನು ಯಾರು ಬೇಕಾದರೂ ತೆಗೆಸಿ ನೋಡಬಹುದಾದ್ದರಿಂದ ಅದರ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದುಪಡಿಗೆ ಅರ್ಜಿ ಹಾಕಬಹುದು. ರೈತನ ಪರಿಹಾರ, ವಿಮೆ, ಪಡಿತರವನ್ನು ತೀರ್ಮಾನಿಸುವ ತಂತ್ರಾಂಶಕ್ಕೂ ಅದೇ ನ್ಯಾಯ ಸಲ್ಲಬೇಕು. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿದೆ. ಜನ ಕೇಳಿದ ಮೇಲೆ 2020ರ ಮೇ ತಿಂಗಳಲ್ಲಿ ಕೋವಿಡ್ ಕಾಲದ ಆರೋಗ್ಯ ಸೇತು ಆಪ್‌ನ ಸೋರ್ಸ್ ಕೋಡನ್ನು ಹೊರಗಿಟ್ಟದ್ದೂ ಉಂಟು. ಜನರ ಹಣದಲ್ಲಿ ಕಟ್ಟಿದ ಪ್ರತಿ ಆಪ್ ಕನ್ನಡದಲ್ಲಿ ಓದಿ ಹೇಳಬೇಕು. ಅದರ ಕೋಡ್ ಮಂಡ್ಯದ, ಹಾಸನದ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ತೆರೆದು ನೋಡಿ ತಪ್ಪು ತೋರಿಸುವಂತಿರಬೇಕು. ಈ ಎರಡನ್ನೂ ಒಟ್ಟಿಗೆ ಕೇಳುವ ಧೈರ್ಯವನ್ನು ಬೆಂಗಳೂರಿನ ಕೆಲವರು ಆಗಲೇ ತೋರಿಸಿದ್ದರು. ಈಗ ಕೇಳಬೇಕಾದವರು ನಾವು.