ರಂಜಕದ ಜಾಡಿ, ಆಲಿವ್ ಬಾಟಲಿ

ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಆಲಿವ್ ಮತ್ತು ಒಣ ಟೊಮೆಟೊ ಸ್ಪ್ರೆಡ್ಡನ್ನು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ನೀವು ನೋಡಿರಬಹುದು. ಬಾಟಲಿ ಅಂಗೈಯಷ್ಟು, ಬೆಲೆ ಮಾತ್ರ ಮೊಳದುದ್ದ. ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಾರದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು. ವಿಜ್ಞಾನ ಓದಿದವನು ನಾನು. ಒಣಗಿಸುವುದು, ರುಬ್ಬುವುದು, ಎಣ್ಣೆಯಲ್ಲಿ ಮುಳುಗಿಸುವುದು, ಇದರಲ್ಲಿ ಏನು ಕಷ್ಟ ಎಂಬ ಧೈರ್ಯ. ತಾರಸಿಯಲ್ಲಿ ಟೊಮೆಟೊ ಒಣಗಿಸಿ, ಡಬ್ಬಿಯ ಕಪ್ಪು ಆಲಿವ್ ತಂದು, ಹತ್ತು ಎಸಳು ಹಸಿ ಬೆಳ್ಳುಳ್ಳಿ ಸೇರಿಸಿ ರುಬ್ಬಿ, ಮೇಲೆ ಎರಡು ಬೆರಳು ಎಣ್ಣೆ ನಿಲ್ಲಿಸಿ ಎರಡು ಬಾಟಲಿ ತುಂಬಿಸಿದೆ. ಎಣ್ಣೆಯ ಕೆಳಗೆ ಗಾಳಿಯಾಡದು, ಗಾಳಿಯಿಲ್ಲದೆ ಬೂಷ್ಟು ಹಿಡಿಯದು ಎಂಬುದು ನನ್ನ ಲೆಕ್ಕ. ಒಂದು ಬಾಟಲಿಯನ್ನು ಹದಿನೈದು ದಿನಗಳ ನಂತರ ಮುಕ್ಕುಂದಕ್ಕೆ ಒಯ್ದೆ.

ಮುಕ್ಕುಂದ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಊರು, ತುಂಗಭದ್ರೆಯ ಸೀಮೆ. ನೀರಾವರಿ ಬಂದ ಮೇಲೆ ಊಟ ಹೇಗೆ ಬದಲಾಯಿತು ಎಂಬ ಮಾತುಕತೆಯ ಕಾರ್ಯಕ್ರಮಕ್ಕೆ ಚಿತ್ರೀಕರಣ ಮಾಡಲು ಹೋಗಿದ್ದೆವು. ನಾವು ಊಟಕ್ಕೆ ಕುಳಿತ ಮನೆಯ ಹಿರಿಯಾಕೆ ನನ್ನ ಕಾಣಿಕೆಯ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ತಮ್ಮಾ, ಇದಕ ಉಪ್ಪು ಹಾಕಿ, ಎಣ್ಣಿ ಹಾಕಿ. ಹುಳಿ ಎಲ್ಲೈತಿ?"

"ಎಣ್ಣಿ ಐತಲ್ಲ ಅವ್ವಾ, ಕೆಡೂದಿಲ್ಲ" ಎಂದೆ.

"ಎಣ್ಣಿ ಬರೇ ಮುಚ್ಚಳ. ಕಾಯೂದು ಉಪ್ಪು, ಹುಳಿ" ಎಂದವರು, ಮೊಮ್ಮಕ್ಕಳ ಕೈಗೆ ಸಿಗದಂತೆ ಬಾಟಲಿಯನ್ನು ಮೇಲಿನ ಗೂಡಿನಲ್ಲಿಟ್ಟು, ನಮ್ಮ ತಟ್ಟೆಗಳಿಗೆ ತಮ್ಮ ಜಾಡಿಯ ರಂಜಕ ಬಡಿಸಿದರು. ನನಗೆ ಸ್ವಲ್ಪ ಅವಮಾನವೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿಗೆ ಮರಳಿ ಪುಸ್ತಕಗಳನ್ನು ತೆರೆದಾಗ ಅವಮಾನ ಹೋಗಿ ಹೆದರಿಕೆ ಬಂತು. ಮನೆಯಲ್ಲಿದ್ದ ಇನ್ನೊಂದು ಬಾಟಲಿಯನ್ನು ತೆರೆಯದೆ ಹಾಗೆಯೇ ಕಸಕ್ಕೆ ಹಾಕಿದೆ. ಮುಕ್ಕುಂದಕ್ಕೂ ಫೋನು ಮಾಡಿ, ಅದನ್ನು ಯಾರೂ ಮುಟ್ಟಬೇಡಿ ಎಂದೆ. ಅದು ಎಂದೋ ಹೊರಗೆ ಹೋಗಿತ್ತು!

ಆ ಹೆದರಿಕೆಯ ಕಾರಣ ಹೇಳುವ ಮೊದಲು ರಂಜಕದ ಪರಿಚಯ ಆಗಬೇಕು. ಹಳೆ ಮೈಸೂರಿನ ಕಡೆಯ ಓದುಗರಿಗೆ ಅದು ಹೊಸತಿರಬಹುದು. ಚಳಿಗಾಲದಲ್ಲಿ ಗಿಡದ ಮೇಲೆಯೇ ಕೆಂಪಾದ, ಇನ್ನೂ ಒಣಗದ ಮೆಣಸಿನಕಾಯಿಯನ್ನು ತೊಳೆದು, ಒರೆಸಿ, ನೆರಳಿನಲ್ಲಿ ಆರಿಸಿ, ಧಾರಾಳ ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯದ ಪುಡಿ ಸೇರಿಸಿ ಕುಟ್ಟುತ್ತಾರೆ. ನಿಂಬೆಯ ರಸವನ್ನೋ ಹುಣಸೆಯನ್ನೋ ಕೈಬಿಚ್ಚಿ ಹಾಕುತ್ತಾರೆ. ಪಿಂಗಾಣಿ ಜಾಡಿಗೆ ಒತ್ತಿ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಉಣ್ಣುವಾಗ ಬೇಕಾದಷ್ಟೇ ತೆಗೆದು, ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಗಮನಿಸಿ, ಎಣ್ಣೆ ಜಾಡಿಯಲ್ಲಿಲ್ಲ, ತಟ್ಟೆಯಲ್ಲಿದೆ. ಕೋವಿಯ ಕಿವಿಗೆ ತುಂಬುವ ಮದ್ದಿನ ಪುಡಿಗೂ ರಂಜಕ ಎಂದೇ ಹೆಸರು. ಮೊದಲ ತುತ್ತು ತಿಂದವರಿಗೆ ಇದನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ.

ಇಷ್ಟು ನಮ್ಮದೆನಿಸುವ ಈ ಖಾರದ ಮುಖ್ಯ ಪದಾರ್ಥ ಮಾತ್ರ ಇಲ್ಲಿಯದಲ್ಲ. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಮೂರೂ ಅಮೆರಿಕ ಖಂಡದಿಂದ ಬಂದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೇ ಶತಮಾನದ ಮಾನಸೋಲ್ಲಾಸದ ಅಡಿಗೆಗಳಲ್ಲಿ ಖಾರಕ್ಕೆ ಕಾಳುಮೆಣಸು, ಶುಂಠಿಗಳಿವೆಯೇ ಹೊರತು ಮೆಣಸಿನಕಾಯಿ ಇಲ್ಲ. ಹದಿನಾರನೇ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರದಲ್ಲಿಯೂ ಇಲ್ಲ. ಪೋರ್ತುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಈ ಗಿಡ ನಮ್ಮ ಕರಾವಳಿಯನ್ನು ಮುಟ್ಟಿತು. ಪುರಂದರದಾಸರ ಹೆಸರಿನಲ್ಲಿರುವ ಪದವೊಂದು ಮೆಣಸಿನಕಾಯಿಯನ್ನು ಹಾಡುತ್ತದೆ ಎಂದು ತಮ್ಮ ಆಹಾರ ಇತಿಹಾಸದಲ್ಲಿ ತೋರಿಸಿಕೊಟ್ಟವರು ಕೆ.ಟಿ. ಅಚ್ಚಯ. ಎಣ್ಣೆಗಳ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡಿದ ಈ ಕನ್ನಡ ನಾಡಿನ ವಿಜ್ಞಾನಿ ನಮ್ಮ ಊಟದ ಚರಿತ್ರೆಯನ್ನು ಬರೆದದ್ದು ನನ್ನಂಥವರಿಗೆ ದೊಡ್ಡ ಉಪಕಾರ.

ಗೋವೆಯಿಂದ ಒಳನಾಡಿಗೆ ದಾರಿ ಹೇಗೆ? ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಆಗ ವಿಜಯನಗರ ಮತ್ತು ಬಿಜಾಪುರ ಎರಡೂ ಹಲ್ಲು ಮಸೆಯುತ್ತಿದ್ದ ನೆಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೋವಾವ್ ದೆ ಫಿಗೇರೆದೊ ಎಂಬ ಪೋರ್ತುಗೀಸನು ತನ್ನ ಕೋವಿಯವರೊಂದಿಗೆ ನೆರವಿಗೆ ನಿಂತದ್ದನ್ನು ಅವರದೇ ನಾಡಿನ ನೂನಿಜ್ ಬರೆದಿಟ್ಟಿದ್ದಾನೆ. ಕುದುರೆ ವ್ಯಾಪಾರಿಗಳು, ಕೋವಿಯವರು, ಪಾದ್ರಿಗಳು ಎಲ್ಲರೂ ಈ ನೆಲದಲ್ಲಿ ಓಡಾಡಿದವರೇ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಗೋವೆಯ ಪಾದ್ರಿಗಳ ನಂಟಿನಿಂದ ನೆಲೆಗೊಂಡ ಹಳೆಯ ಕ್ರೈಸ್ತ ಸಮುದಾಯ ಇಂದಿಗೂ ಇದೆ.

ಆ ಪೋರ್ತುಗೀಸರ ಊಟದಲ್ಲಿ ಆಲಿವ್ ಎಣ್ಣೆ ಇತ್ತು, ಉಪ್ಪುನೀರಿನ ಆಲಿವ್ ಕಾಯಿಯೂ ಇತ್ತು. ಆದರೆ ಈ ನೆಲದಲ್ಲಿ ಬೇರುಬಿಟ್ಟದ್ದು ಮೆಣಸಿನಕಾಯಿಯೇ. ಕಾರಣ ಸರಳ. ಆಲಿವ್ ಮರ ಹೂ ಬಿಡಬೇಕಾದರೆ ಕೆಲವು ವಾರಗಳ ಗಟ್ಟಿ ಚಳಿ ಬೇಕು. ಸಿಂಧನೂರು, ಮಸ್ಕಿಗಳ ಚಳಿ ಒಂದು ಕಂಬಳಿಗೆ ಹೆದರಿ ಓಡುವಂಥದು. ನಮ್ಮ ದೇಶದಲ್ಲಿ ರಾಜಸ್ಥಾನವು 2007ರಲ್ಲಿ ಇಸ್ರೇಲಿನ ತಂತ್ರಜ್ಞಾನದ ನೆರವಿನಿಂದ ಆಲಿವ್ ನೆಡಲು ಆರಂಭಿಸಿತು. ನಮ್ಮ ಕಡೆ ಜೈತೂನ್ ಎಂಬ ಹೆಸರಿನಿಂದ ಅದರ ಎಣ್ಣೆ ಮಾತ್ರ ಮೈಗೆ ತಿಕ್ಕಿಕೊಳ್ಳಲು ಪರಿಚಿತ.

ಇನ್ನು ಆಲಿವ್ ಮತ್ತು ಒಣ ಟೊಮೆಟೊ ಜೋಡಿ ಅನಾದಿ ಕಾಲದ್ದೆಂದು ಬಾಟಲಿಯ ಚೀಟಿಗಳು ಸೂಚಿಸುವುದುಂಟು. ಅರ್ಧ ನಿಜ. ಆಲಿವ್ ಖಾರ ಬಹಳ ಹಳೆಯದು. ಕ್ರಿಸ್ತಪೂರ್ವ ಎರಡನೇ ಶತಮಾನದ ರೋಮಿನ ಕೇಟೋ ತನ್ನ ಬೇಸಾಯದ ಪುಸ್ತಕದಲ್ಲಿ ಅದರ ವಿಧಾನ ಕೊಟ್ಟಿದ್ದಾನೆ: ಬೀಜ ತೆಗೆದು ಕೊಚ್ಚಿದ ಆಲಿವ್, ಎಣ್ಣೆ, ವಿನೆಗರ್, ಕೊತ್ತಂಬರಿ, ಜೀರಿಗೆ, ಬಡೆಸೋಪು, ಪುದೀನ. ನಮ್ಮ ಮಸಾಲೆ ಡಬ್ಬಿಯೇ ಅಲ್ಲಿದೆ ನೋಡಿ. ಟೊಮೆಟೊ ಮಾತ್ರ ಇಟಲಿಗೂ ಹೊಸಬ. ಹದಿನಾರನೇ ಶತಮಾನದಲ್ಲಿ ಹೋಗಿ, ಬಹುಕಾಲ ಶಂಕೆಗೆ ಒಳಗಾಗಿ, 1690ರ ದಶಕದಲ್ಲಿ ನೇಪಲ್ಸಿನಲ್ಲಿ ಅಚ್ಚಾದ ಲತೀನಿಯ ಅಡಿಗೆ ಪುಸ್ತಕದಲ್ಲಿ ಟೊಮೆಟೊ ಗೊಜ್ಜಾಗಿ ಕಾಣಿಸಿಕೊಂಡಿತು. ಎಂದರೆ ಅವರ ಟೊಮೆಟೊ ನಮ್ಮ ಮೆಣಸಿನಕಾಯಿಗಿಂತ ಹೆಚ್ಚು ಕುಲೀನವೇನಲ್ಲ.

ಕೇಟೋವಿನ ಪಟ್ಟಿಯಲ್ಲಿ ವಿನೆಗರ್ ಇದ್ದುದನ್ನು ಮರೆಯಬೇಡಿ. ಮುಕ್ಕುಂದದ ಅವ್ವ ಕೇಳಿದ ಹುಳಿ ಅದೇ.

ಈಗ ಹೆದರಿಕೆಯ ವಿಷಯ. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಕ್ಕೆ ಗಾಳಿಯೇ ಶತ್ರು. ಬೂಷ್ಟಿಗೆ ಗಾಳಿ ಬೇಕು, ಇದಕ್ಕೆ ಬೇಡ. ನಾನು ಬುದ್ಧಿವಂತಿಕೆಯಿಂದ ನಿಲ್ಲಿಸಿದ ಎರಡು ಬೆರಳು ಎಣ್ಣೆ ಬೂಷ್ಟನ್ನು ಹೊರಗಿಟ್ಟು ಇದಕ್ಕೆ ಮನೆ ಕಟ್ಟಿಕೊಟ್ಟಿತ್ತು. ಬೆಳ್ಳುಳ್ಳಿ ನೆಲದೊಳಗೆ ಬೆಳೆಯುವುದರಿಂದ ಇದರ ಬೀಜಾಣುಗಳನ್ನು ಮೈಗೆ ಅಂಟಿಸಿಕೊಂಡೇ ಬರುತ್ತದೆ. ಕುದಿಯುವ ನೀರಿನ 100 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಆ ಬೀಜಾಣು ಸಾಯುವುದಿಲ್ಲ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಬೇಕು. ಅದು ಉಂಟುಮಾಡುವ ವಿಷಕ್ಕೆ ಬಹಳ ಸಲ ವಾಸನೆಯಿಲ್ಲ, ರುಚಿಯಿಲ್ಲ. ನರಗಳನ್ನು ಹಿಡಿದು, ಕಣ್ಣು ಮಂಜಾಗಿ, ನಾಲಿಗೆ ತೊದಲಿ, ಕೊನೆಗೆ ಉಸಿರಾಟ ನಿಲ್ಲುತ್ತದೆ.

ಇದು ಪುಸ್ತಕದ ಮಾತಲ್ಲ. 1919ರಲ್ಲಿ ಅಮೆರಿಕದ ಓಹಾಯೋ, ಮಿಷಿಗನ್ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯದ ಬಾಟಲಿ ಆಲಿವ್ ತಿಂದವರು ಸತ್ತರು. ಅಲ್ಲಿನ ಡಬ್ಬಿ ಆಹಾರದ ಉದ್ಯಮ ಶಾಖ ಎಷ್ಟಿರಬೇಕು, ಎಷ್ಟು ಹೊತ್ತಿರಬೇಕು ಎಂಬುದನ್ನು ಶಾಸ್ತ್ರೀಯವಾಗಿ ನಿಗದಿಮಾಡಿಕೊಂಡದ್ದು ಆ ಸಾವುಗಳ ನಂತರ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಹೋಟೆಲೊಂದರಲ್ಲಿ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿ ತಿಂದು 36 ಜನ ಕಾಯಿಲೆ ಬಿದ್ದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮತ್ತೆ ಮೂವರು. ಆಮೇಲೆ ಅಮೆರಿಕ ಸರ್ಕಾರ ಇಂಥ ಬೆಳ್ಳುಳ್ಳಿಗೆ ಹುಳಿ ಸೇರಿಸಲೇಬೇಕೆಂದಿತು.

ಹುಳಿಯ ಅಳತೆಗೆ ಪಿಎಚ್ ಎನ್ನುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಕೆಳಗೆ ಈ ಬ್ಯಾಕ್ಟೀರಿಯ ಬೆಳೆಯದು. ನಿಂಬೆಯ ರಸ 2ರ ಆಸುಪಾಸಿನಲ್ಲಿದೆ, ಕ್ಷಾರದಲ್ಲಿ ಹದಮಾಡಿದ ಡಬ್ಬಿಯ ಕಪ್ಪು ಆಲಿವ್ 6ರ ಮೇಲೆ. ಟೊಮೆಟೊ ಗಡಿಯ ಮೇಲೆ ನಿಂತಿದೆ. ಕೆಲವು ಹಣ್ಣು ಈಚೆ, ಕೆಲವು ಆಚೆ. ಉಪ್ಪಾದರೆ, ಪದಾರ್ಥದ ನೀರಿನಲ್ಲಿ ಶೇಕಡಾ 10ರಷ್ಟು ಕರಗಿದಾಗ ಅದನ್ನು ತಡೆಯುತ್ತದೆ. ರಂಜಕದಲ್ಲಿ ಹಸಿ ಬೆಳ್ಳುಳ್ಳಿ ಇದ್ದರೂ ಉಪ್ಪು ಮತ್ತು ನಿಂಬೆ ಎರಡು ಕಡೆಯಿಂದ ಹಿಡಿದಿರುತ್ತವೆ. ನನ್ನ ಬಾಟಲಿಯಲ್ಲಿ ನಾಲಿಗೆಗೆ ಹಿತವಾಗುವಷ್ಟು ಉಪ್ಪು ಇತ್ತು, ಹುಳಿ ಇರಲೇ ಇಲ್ಲ.

ಎಣ್ಣೆಯನ್ನು ತಟ್ಟೆಯಲ್ಲಿ ಬಿಟ್ಟುಕೊಳ್ಳುವ ಪದ್ಧತಿಗೂ ಒಂದು ಕಾರಣ ಕಾಣುತ್ತದೆ. ಈ ಎರೆ ನೆಲದ ಹಳೆಯ ಎಣ್ಣೆ ಕುಸುಬಿಯದು. ಬಿಳಿಜೋಳದ ಸಾಲುಗಳ ನಡುವೆ ಕುಸುಬಿ ಅಕ್ಕಡಿ ಬೆಳೆಯಾಗಿರುತ್ತಿತ್ತು. ಹಳೆಯ ಕುಸುಬಿ ತಳಿಗಳ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಮುಕ್ಕಾಲು ಪಾಲು. ಗಾಳಿ ಬೆಳಕು ತಾಗಿದರೆ ಬೇಗ ಮುಗ್ಗುತ್ತದೆ, ತೆಳ್ಳಗೆ ಸವರಿದರೆ ಬಣ್ಣದಂತೆ ಒಣಗುತ್ತದೆ. ಅಂಥದ್ದನ್ನು ತಿಂಗಳುಗಟ್ಟಲೆ ಜಾಡಿಯಲ್ಲಿ ನಿಲ್ಲಿಸುವಂತಿಲ್ಲ, ಆಗಾಗ ಗಾಣದಿಂದ ತಂದು ಉಣ್ಣಬೇಕು. ಆಲಿವ್ ಎಣ್ಣೆಯಲ್ಲಿ ಒಲಿಯಿಕ್ ಆಮ್ಲದ್ದೇ ದೊಡ್ಡ ಪಾಲು, ನಿಧಾನವಾಗಿ ಕೆಡುತ್ತದೆ. ಮೆಡಿಟರೇನಿಯನ್ನಿನವರು ಜಾಡಿಗೇ ಸುರಿದದ್ದು ಅದರ ಬಲದಿಂದ. ಅವರ ಎಣ್ಣೆಯ ಅಭ್ಯಾಸವನ್ನು ತಂದು ವಿನೆಗರನ್ನು ಅಲ್ಲೇ ಬಿಟ್ಟು ಬಂದದ್ದು ನನ್ನ ತಪ್ಪು.

ಕುಸುಬಿ ಈಗ ಸಿಂಧನೂರಿನ ಕಡೆ ಹುಡುಕಬೇಕಾದ ಬೆಳೆ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿದ ಮೇಲೆ ಎಡದಂಡೆ ಕಾಲುವೆಯ ಗುಂಟ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಅನ್ನ ಬಂತು, ದುಡ್ಡು ಬಂತು. ಅದನ್ನು ಬೇಡವೆನ್ನುವ ಹಕ್ಕು ಪಟ್ಟಣದಲ್ಲಿ ಕುಳಿತ ನನಗಿಲ್ಲ. ಆದರೆ ಅನ್ನಕ್ಕೆ ಸಾರು ಬೇಕು, ರೊಟ್ಟಿಗೆ ಖಾರ ಬೇಕು. ರೊಟ್ಟಿ ಕಡಿಮೆಯಾದ ಮನೆಯಲ್ಲಿ ಜಾಡಿಗಳೂ ಕಡಿಮೆಯಾಗುತ್ತವೆ, ಜಾಡಿಯ ಜೊತೆಗೆ "ಹುಳಿ ಎಲ್ಲೈತಿ" ಎಂದು ಕೇಳುವವರೂ. ನಮ್ಮ ಕ್ಯಾಮೆರಾದ ಮುಂದೆ ಆ ಮನೆಯ ಸೊಸೆ ರಂಜಕದ ಬಗ್ಗೆ ಹೇಳಿದ್ದು ಎರಡೇ ಮಾತು: ಅತ್ತೆ ಮಾಡುತ್ತಾರೆ, ನಾವು ತಿನ್ನುತ್ತೇವೆ.

ನೀವು ಮನೆಯಲ್ಲಿ ಮಾಡುವುದಾದರೆ ಹೀಗೆ ಮಾಡಿ. ಟೊಮೆಟೊ ಒಣಗಿಸಲು ಗಾಳಿಯಲ್ಲಿ ತೇವ ಕಡಿಮೆಯಿರುವ ಬಿಸಿಲು ಬೇಕು. ರಾಯಚೂರು ಸೀಮೆಯ ಮಾರ್ಚ್, ಏಪ್ರಿಲ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು. ಮಂಗಳೂರಿನ ಓದುಗರು ಒಲೆಯ ಅಥವಾ ಓವನ್ನಿನ ಸಣ್ಣ ಶಾಖವನ್ನೇ ನಂಬಬೇಕು. ಗಟ್ಟಿ ಹಣ್ಣನ್ನು ಉದ್ದಕ್ಕೆ ಸೀಳಿ, ಉಪ್ಪು ಸವರಿ, ತೆಳು ಬಟ್ಟೆ ಮುಚ್ಚಿ, ಸಂಜೆಯಾದೊಡನೆ ಒಳಗೆ ತನ್ನಿ. ಹಣ್ಣಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ ಇರುವುದರಿಂದ ಕಿಲೋ ಹಣ್ಣಿಗೆ ನೂರು ಗ್ರಾಂ ಕೂಡ ಉಳಿಯದು. ಮಡಿಸಿದರೆ ಚರ್ಮದಂತೆ ಬಾಗಬೇಕು, ಒತ್ತಿದರೆ ರಸ ಜಿನುಗಬಾರದು. ಹೀಗೆ ಒಣಗಿದ್ದನ್ನು ಎಣ್ಣೆಯಿಲ್ಲದೆ, ಗಾಳಿಯಾಡದ ಡಬ್ಬಿಯಲ್ಲಿಡಿ.

ಖಾರ ಮಾಡುವ ದಿನ ಅದನ್ನು ಬಿಸಿ ಮಾಡಿದ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ, ಉಪ್ಪುನೀರಿನ ಹಸಿರು ಆಲಿವ್, ಹುರಿದ ಜೀರಿಗೆ, ಕೊತ್ತಂಬರಿ ಬೀಜ, ನಿಂಬೆರಸ ಸೇರಿಸಿ ರುಬ್ಬಿ. ಆಲಿವ್ ಸಿಗದಿದ್ದರೆ ಬೇಸಿಗೆಯ ಕೊನೆಗೆ ಬರುವ ಕವಳಿಕಾಯಿ ಬಳಸಿ. ಅದರ ಹುಳಿ ಹುಟ್ಟಿನಿಂದಲೇ ಬಂದದ್ದು, ರೊಟ್ಟಿಗಂತೂ ಆಲಿವ್‌ಗಿಂತ ಅದೇ ಮೇಲೆಂಬುದು ನನ್ನ ಅಭಿಪ್ರಾಯ. ಬೆಳ್ಳುಳ್ಳಿ ಬೇಕೆಂದರೆ ತಿನ್ನುವ ಹೊತ್ತಿಗೆ ಜಜ್ಜಿ ಹಾಕಿಕೊಳ್ಳಿ. ಎಣ್ಣೆಯೂ ತಟ್ಟೆಗೇ. ಮನೆಯಲ್ಲಿ ಪಿಎಚ್ ಅಳೆಯುವ ಸಾಧನ ಇರುವುದಿಲ್ಲವಾದ್ದರಿಂದ, ಹುಳಿ ಹಾಕಿದ್ದೇವೆಂಬ ಧೈರ್ಯದಿಂದ ಹೊರಗಿಡಬೇಡಿ. ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ಕಾರ್ಯಕ್ರಮದ ಎರಡನೇ ಕಂತಿಗೆ ಮುಕ್ಕುಂದಕ್ಕೆ ಹೋದಾಗ ಒಣ ಟೊಮೆಟೊ ಮಾತ್ರ ಕಟ್ಟಿಕೊಂಡು ಹೋಗಿ ಅಲ್ಲಿಯೇ ರುಬ್ಬಿಸಿದೆ. ಅವ್ವ ರೊಟ್ಟಿಯ ತುದಿಗೆ ಹಚ್ಚಿ ಬಾಯಿಗಿಟ್ಟುಕೊಂಡರು. ಹುಳಿ ಸರಿಯಾಗಿದೆ, ಟಮಾಟಿ ಇನ್ನೊಂದು ದಿನ ಬಿಸಿಲಿಗೆ ಇರಬೇಕಿತ್ತು ಎಂದರು.