ಕರಿ ಹೊಗೆ ಹೇಳುವ ಲೆಕ್ಕ

ರಾವೂರದಿಂದ ವಾಡಿಯ ಕಡೆಗೆ ಬೇಸಿಗೆಯಲ್ಲಿ ಒಂದು ಸುತ್ತು ಹೋಗಿಬಂದ ಕಾರಿನ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ ಅಂಟುತ್ತದೆ. ಇದು ಸುಣ್ಣಕಲ್ಲಿನ ಸೀಮೆ. ಶಹಾಬಾದಿ ಫರಸಿಯ ಗಣಿಗಳು, ಸಿಮೆಂಟು ಕಾರ್ಖಾನೆ, ಕಲ್ಲು ಹೊತ್ತ ಲಾರಿಗಳು ಇಲ್ಲಿ ದಿನನಿತ್ಯದ ನೋಟ. ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರ ದೂರೂ ಅಷ್ಟೇ ದಿನನಿತ್ಯದ್ದು: ‘ಗಾಡಿ ಮೊದಲಿನಂಗ ಎವರೇಜ್ ಕೊಡವಲ್ದು ರೀ.’ ಅದಕ್ಕೆ ಅನೇಕ ಸಲ ಸಿಗುವ ಉತ್ತರ: ‘ಟರ್ಬೊ ಹೋಗ್ಯಾದ.’ ಟರ್ಬೊ ಬದಲಿಸುವುದೆಂದರೆ ಸಣ್ಣ ಖರ್ಚಲ್ಲ. ಬದಲಿಸಿದ ಮೇಲೂ ಎವರೇಜ್ ಮೊದಲಿನಷ್ಟೇ ಉಳಿದರೆ ಗಾಡಿಯ ಮಾಲೀಕ ಯಾರನ್ನು ಕೇಳಬೇಕು?

ಈ ಪ್ರಶ್ನೆಗೆ ಉತ್ತರ ಟರ್ಬೊ ಹುಟ್ಟಿದ ಕಥೆಯಲ್ಲಿಯೇ ಇದೆ. ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಕೊಳವೆಯ ಮೂಲಕ ವ್ಯರ್ಥವಾಗಿ ಹೊರಟುಹೋಗುತ್ತದೆ. ಈ ನಷ್ಟವನ್ನೇ ದುಡಿಮೆಗೆ ಹಚ್ಚಬಹುದೆಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ; ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಇಂಧನ ಉರಿದು ಹೆಚ್ಚು ಶಕ್ತಿ ಹುಟ್ಟುತ್ತದೆ. ಎಂದರೆ ಟರ್ಬೊ ಮಾಡುವುದು ಗಾಳಿ ತುಂಬುವ ಕೆಲಸ ಮಾತ್ರ. ಡೀಸೆಲ್ ಸುಡುವ ಕೆಲಸ ಅದರದಲ್ಲ.

ಮೊದಲು ಹಡಗಿಗೆ, ವಿಮಾನಕ್ಕೆ ಒದಗಿದ ಈ ಯಂತ್ರ ನಮ್ಮ ಸೀಮೆಗೆ ಬಂದದ್ದು ರೈಲಿನ ಹಳಿಯ ಮೇಲೆ. 1874ರಲ್ಲಿ ಸಿಕಂದರಾಬಾದಿನ ಹಾದಿ ಬಂದು ಕೂಡಿದಂದಿನಿಂದ ವಾಡಿ ದೊಡ್ಡ ಜಂಕ್ಷನ್. ಉಗಿಬಂಡಿಯ ಕಾಲದಲ್ಲಿ ಚಿಮಣಿಯಿಂದ ದಟ್ಟ ಕರಿ ಹೊಗೆ ಬಂದರೆ ಡ್ರೈವರನಿಗೆ ಗೊತ್ತಾಗುತ್ತಿತ್ತು: ಒಲೆಗೆ ಗಾಳಿ ಸಾಲದು, ಕಲ್ಲಿದ್ದಲು ಉರಿಯದೆ ಹೊಗೆಯಾಗಿ ಹೋಗುತ್ತಿದೆ. ಮುಂದೆ 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನುಗಳು ಬಂದವು. ಹದಿನಾರು ಸಿಲಿಂಡರು, 2,600 ಅಶ್ವಶಕ್ತಿ, ಜೊತೆಗೆ ಟರ್ಬೊ. ಭಾರದ ಗಾಡಿಯನ್ನು ಎಳೆದು ಹೊರಡುವಾಗ ಅವು ಆಕಾಶಕ್ಕೆ ಕರಿ ಹೊಗೆ ಉಗುಳುತ್ತಿದ್ದುದನ್ನು ನೋಡಿದವರು ಬಹಳ ಮಂದಿ. ಡ್ರೈವರು ಹಿಡಿ ತಿರುಗಿಸಿದೊಡನೆ ಡೀಸೆಲ್ ಹೆಚ್ಚುತ್ತದೆ, ಆದರೆ ಟರ್ಬೊ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಆ ಅಂತರವೇ ಕರಿ ಹೊಗೆ.

ರಸ್ತೆಯ ಗಾಡಿಗಳಿಗೆ ಈ ವಿದ್ಯೆ ಹರಡಲು ಎಣ್ಣೆಯ ಬೆಲೆ ಕಾರಣವಾಯಿತು. 1973ರ ಅರಬ್–ಇಸ್ರೇಲ್ ಯುದ್ಧದ ಬಳಿಕ ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಸಣ್ಣ ಎಂಜಿನ್ನಿನಿಂದ ದೊಡ್ಡ ಕೆಲಸ ತೆಗೆಯುವುದು ಎಲ್ಲರಿಗೂ ಬೇಕಾಯಿತು. 1978ರಲ್ಲಿ ಮರ್ಸಿಡಿಸ್ ಕಂಪನಿ ಟರ್ಬೊ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ನಮ್ಮಲ್ಲಿ ಇಂಧನ ಮಿತವ್ಯಯವನ್ನು ಕಲಿಸಲು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹುಟ್ಟಿತು. ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಇನ್ನೋವಾ ಹೊರಬಂದ ಮೇಲಂತೂ ಟರ್ಬೊ ಎಂಬುದು ಕರ್ನಾಟಕದ ಬಾಡಿಗೆ ಗಾಡಿಗಳ ಮಾತಿನಲ್ಲಿ ಸೇರಿಹೋಯಿತು. ಆ ಕಾಲದ ಅನೇಕ ಗಾಡಿಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಮುದಿಯಾಗಿವೆ.

ಮುದಿ ಗಾಡಿ ಡೀಸೆಲ್ ಹೆಚ್ಚು ಕುಡಿಯುತ್ತಿದೆ ಎಂದಾಗ ಮೊದಲು ಮಾಡಬೇಕಾದ್ದು ರಿಪೇರಿಯಲ್ಲ, ಲೆಕ್ಕ. ಟ್ಯಾಂಕು ತುಂಬಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳಬೇಕು. ಓಡಿಸಿ ಮತ್ತೆ ತುಂಬಿಸಿ, ಹಿಡಿದ ಲೀಟರಿನಿಂದ ಭಾಗಿಸಬೇಕು. 480 ಕಿಲೋಮೀಟರಿಗೆ 40 ಲೀಟರ್ ಹಿಡಿದರೆ ಲೀಟರಿಗೆ 12. ಒಂದು ಸಲದ ಲೆಕ್ಕ ನಂಬುವಂಥದ್ದಲ್ಲ, ಮೂರು ಸಲವಾದರೂ ನೋಡಬೇಕು. ತಿಂಗಳಿಗೆ 3,000 ಕಿಲೋಮೀಟರ್ ಓಡುವ ಬಾಡಿಗೆ ಗಾಡಿಯ ಎವರೇಜ್ 12ರಿಂದ 10ಕ್ಕೆ ಇಳಿದರೆ 250 ಲೀಟರಿನ ಜಾಗದಲ್ಲಿ 300 ಲೀಟರ್ ಬೇಕು. ಆ 50 ಲೀಟರಿನ ಹಣ ಹೋಗುವುದು ಡ್ರೈವರನ ಮನೆಯ ದಿನಸಿಯ ಪಾಲಿನಿಂದ.

ಲೆಕ್ಕ ಖಚಿತವಾದ ಮೇಲೆ ತಪಾಸಣೆ ಅಗ್ಗದ್ದರಿಂದ ಆರಂಭವಾಗಬೇಕು. ಟೈರಿನ ಗಾಳಿ ಸರಿಯಿದೆಯೇ? ಓಡಿ ನಿಂತ ಗಾಡಿಯ ಒಂದು ಗಾಲಿ ಮಾತ್ರ ವಿಪರೀತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಎಂದರ್ಥ. ಆಮೇಲೆ ಏರ್ ಫಿಲ್ಟರು. ನಮ್ಮ ಕಡೆಯ ಕಲ್ಲಿನ ಧೂಳಿನಲ್ಲಿ ಅದು ಕಂಪನಿಯ ಪುಸ್ತಕ ಹೇಳುವುದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಅದರ ನಂತರ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರು ಪೈಪುಗಳು. ವಯಸ್ಸಾದ ಪೈಪು ಕೆಳಭಾಗದಲ್ಲಿ, ಕ್ಲಿಪ್ಪಿನ ಬಳಿ ಸೀಳುತ್ತದೆ. ನಿಂತ ಗಾಡಿಯಲ್ಲಿ ಸೀಳು ಕಾಣದಿರಬಹುದು. ಒತ್ತಡ ಏರಿದಾಗ ಬಾಯಿ ತೆರೆದು ಸುಯ್ಯೆಂದು ಗಾಳಿ ಬಿಡುತ್ತದೆ. ಅಲ್ಲಿ ಎಣ್ಣೆಯ ಜಿಡ್ಡಿಗೆ ಅಂಟಿದ ಧೂಳು ಒಳ್ಳೆಯ ಸಾಕ್ಷಿ. ಟರ್ಬೊ ಪೂರ್ತಿ ದುಡಿದರೂ ತುಂಬಿದ ಗಾಳಿ ದಾರಿಯಲ್ಲೇ ಸೋರಿಹೋದರೆ ಏನು ಬಂತು? ಡ್ರೈವರು ಎಳೆತ ಸಾಲದೆಂದು ಇನ್ನಷ್ಟು ಕಾಲೊತ್ತುತ್ತಾನೆ, ಡೀಸೆಲ್ ಇನ್ನಷ್ಟು ಸುರಿಯುತ್ತದೆ.

ಹೊಗೆಯನ್ನು ಓದಬೇಕಾದ್ದು ಇಲ್ಲಿ. ಕರಿ ಹೊಗೆ ಎಂದರೆ ಗಾಳಿ ಸಾಲದು ಅಥವಾ ಡೀಸೆಲ್ ಅತಿಯಾಗಿದೆ. ನೀಲಿ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗುಗಳನ್ನೋ ಟರ್ಬೊದ ಸೀಲನ್ನೋ ಶಂಕಿಸಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಬರುತ್ತಿರಬಹುದು, ಇಲ್ಲವೇ ಒಳಗೆ ನೀರು ಸೇರುತ್ತಿರಬಹುದು. ಹೊಗೆಯೇ ಇಲ್ಲದೆ ಎವರೇಜ್ ಇಳಿದಿದ್ದರೆ ಥರ್ಮೋಸ್ಟಾಟ್ ನೋಡಬೇಕು. ಅದು ತೆರೆದೇ ಉಳಿದರೆ ಎಂಜಿನ್ ಸದಾ ತಣ್ಣಗಿದ್ದು ಇಂಧನ ನುಂಗುತ್ತದೆ. ಗಾಳಿ ಅಳೆಯುವ ಸೆನ್ಸರು, ಮಸಿ ಕಟ್ಟಿದ ಇಜಿಆರ್ ಕವಾಟ, ಸವೆದ ನಾಝಲ್‌ಗಳ ಸರದಿ ಇದಾದ ಮೇಲೆ.

ಟರ್ಬೊ ಕೊನೆಯದು. ಅದನ್ನು ಶಂಕಿಸಿದಾಗಲೂ ಪೈಪು ಬಿಚ್ಚಿ ದಂಡವನ್ನು ಅಲುಗಿಸಿ ನೋಡಬಹುದು. ಪಕ್ಕಕ್ಕೆ ಕೂದಲೆಳೆಯಷ್ಟು ಆಡುವುದು ಸಹಜ. ಹಿಂದೆ ಮುಂದೆ ಆಡಿದರೆ, ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಅದು ಮುಗಿದಂತೆಯೇ. ಆದರೆ ಆಗಲೂ ಹಳೆಯ ಟರ್ಬೊ ಏಕೆ ಸತ್ತಿತು ಎಂದು ಕೇಳಬೇಕು. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಆ ದಂಡ ಆಯಿಲಿನ ತೆಳುಪದರದ ಮೇಲೆ ನಿಂತಿರುತ್ತದೆ. ಕೊಳೆತ ಆಯಿಲು, ಫಿಲ್ಟರು ತಡೆಯದ ಧೂಳು, ದೂರ ಓಡಿ ಬಂದವನೇ ತಟಕ್ಕನೆ ಎಂಜಿನ್ ಆರಿಸುವ ಅಭ್ಯಾಸ ಇವು ಹೊಸ ಟರ್ಬೊವನ್ನೂ ಹಾಗೆಯೇ ಕೊಲ್ಲುತ್ತವೆ.

ವಾಡಿಯ ಹಳಿಯ ಮೇಲೆ ಉಗಿಬಂಡಿ ಓಡಿಸಿದವರ ಬಳಿ ಸ್ಕ್ಯಾನರು ಇರಲಿಲ್ಲ. ಗಾಳಿಗೂ ಬೆಂಕಿಗೂ ಇರುವ ಲೆಕ್ಕ ಅವರಿಗೆ ಗೊತ್ತಿತ್ತು, ಅದು ತಪ್ಪಿದಾಗ ಚಿಮಣಿಯ ಕಡೆ ನೋಡುತ್ತಿದ್ದರು. ಇಂದಿನ ಗಾಡಿಯಲ್ಲಿ ಕಂಪ್ಯೂಟರ್ ಕುಳಿತಿದ್ದರೂ ಆ ಲೆಕ್ಕ ಬದಲಾಗಿಲ್ಲ. ಟರ್ಬೊಗೆ ಹಣ ಎಣಿಸುವ ಮೊದಲು ಒಂದು ಫಿಲ್ಟರು ಬಿಚ್ಚಿ ಕೊಡವಿ ನೋಡಿದರೆ ನಷ್ಟವೇನೂ ಇಲ್ಲ.