‘ಮುಂದೇನು?’ ಎಂಬ ಪ್ರಶ್ನೆಯ ಚರಿತ್ರೆ

ಹದಿನಾರು ಎಂದರೆ ಮೈಸೂರು ಅರಸರ ಐತಿಹ್ಯ ನೆನಪಾಗುತ್ತದೆ. 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಸೋದರರು ಕಾರುಗಹಳ್ಳಿಯ ಮಾರನಾಯಕನೊಡನೆ ನಡೆಯಲಿದ್ದ ಬಲವಂತದ ಮದುವೆಯಿಂದ ಹದಿನಾಡಿನ ಅರಸುಮಗಳನ್ನು ಬಿಡಿಸಿದರೆಂಬುದು ಕತೆ. ಆ ಹದಿನಾಡು ನಮ್ಮೂರೇ ಎನ್ನುತ್ತಾರೆ. ಕತೆಯಲ್ಲಿ ನನ್ನ ಗಮನ ಸೆಳೆಯುವವಳು ಆ ಹುಡುಗಿ. ಅವಳ ನಾಳೆಯನ್ನು ಬೇರೆ ಯಾರೋ ಗೊತ್ತುಮಾಡಿದ್ದರು.

ಬಹುಕಾಲ ನಮ್ಮ ಸೀಮೆಯ ಮಕ್ಕಳ ಸ್ಥಿತಿಯೂ ಅದೇ ಆಗಿತ್ತು. ಒಕ್ಕಲಿನವನ ಮಗನಿಗೆ ನೇಗಿಲು, ಕುಂಬಾರನ ಮಗನಿಗೆ ತಿಗರಿ, ನೆಲವಿಲ್ಲದವನ ಮಗನಿಗೆ ಕೂಲಿ, ಹೆಣ್ಣುಮಗಳಿಗೆ ಗಂಡನ ಮನೆ. ‘ಮುಂದೇನು?’ ಎಂದು ಕೇಳುವ ಸಂದರ್ಭವೇ ಬರುತ್ತಿರಲಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಬೇಕೆಂದಿತು. ಓದಿದರೆ ಬೇರೆ ಬದುಕು ಉಂಟೆಂಬ ಆಸೆ ಹಳ್ಳಿಗೂ ಬಂತು. ಬಾಗಿಲು ತೆರೆದರೆ ಸಾಲದು, ಒಳಗೇನಿದೆ ಎಂದು ಹೇಳುವವರೂ ಬೇಕು. ಅಮೆರಿಕದ ಬೋಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ 1908ರಲ್ಲೇ ಅಂಥದೊಂದು ವೃತ್ತಿ ಮಾರ್ಗದರ್ಶನ ಕೇಂದ್ರ ತೆರೆದಿದ್ದರು. ತನ್ನನ್ನು ತಿಳಿ, ಕೆಲಸವನ್ನು ತಿಳಿ, ಎರಡನ್ನೂ ತೂಗಿ ನೋಡು ಎಂಬುದು ಅವರ ಕ್ರಮ. ನಮ್ಮ ದೇಶದಲ್ಲಿ 1964–66ರ ಕೊಠಾರಿ ಆಯೋಗ, ಮಾರ್ಗದರ್ಶನವು ಶಿಕ್ಷಣದ ಅಂಗವೇ ಆಗಬೇಕೆಂದು ಹೇಳಿತು.

ಹಳ್ಳಿ ಶಾಲೆಗೆ ಆಪ್ತಸಲಹೆಗಾರರು ಬರಲಿಲ್ಲ. ಆ ಕೆಲಸವನ್ನು ಮೇಷ್ಟ್ರುಗಳೇ ಮಾಡಿದರು. ನಾನು ಓದುವಾಗ ಅಣ್ಣ ಸೇರಿದ ಕಾಲೇಜಿಗೇ ತಮ್ಮನೂ ಸೇರುವುದು ವಾಡಿಕೆ. ನಂಜನಗೂಡೋ ತಿ. ನರಸೀಪುರವೋ ಎಂಬುದನ್ನು ಬಸ್ಸು ತೀರ್ಮಾನಿಸುತ್ತಿತ್ತು. “ಮಗಿಗೆ ಲೆಕ್ಕ ಚೆನ್ನಾಗಿ ಬತ್ತದೆ ಕಣಪ್ಪ, ಸ್ಕೂಲು ಬಿಡಿಸ್ಬೇಡ” ಎಂದು ಗದ್ದೆ ಬದುವಿನಲ್ಲಿ ನಿಂತು ಅಪ್ಪಂದಿರಿಗೆ ಹೇಳಿದ ಮೇಷ್ಟ್ರ ಒಂದು ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳ ಬದುಕು ತಿರುಗಿತು.

ಇಂಥ ಮಾತಿನಿಂದ ಕೆಲಸ ಸಿಗುವುದಷ್ಟೇ ಅಲ್ಲ, ಮನಸ್ಸಿಗೆ ನೆಲೆಯೂ ಸಿಗುತ್ತದೆ. ಒಂದೇ ದಾರಿ ಗೊತ್ತಿದ್ದ ಮಗುವಿಗೆ ಆ ದಾರಿ ಮುಚ್ಚಿದರೆ ಲೋಕವೇ ಮುಚ್ಚಿದಂತೆ. ಐ.ಟಿ.ಐ., ಡಿಪ್ಲೊಮಾ, ನರ್ಸಿಂಗ್, ಕೃಷಿ ಎಂದು ನಾಲ್ಕು ದಾರಿ ಬಲ್ಲ ಮಗು ನಪಾಸಾದರೂ ಎದ್ದು ನಿಲ್ಲುತ್ತದೆ. ಪಕ್ಕದ ಮನೆಯ ಹುಡುಗನ ಅಂಕದೊಡನೆ ತನ್ನನ್ನು ತೂಗಿಕೊಳ್ಳುವುದೂ ಕಡಿಮೆಯಾಗುತ್ತದೆ. ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಮನಸ್ಸು ಕುಗ್ಗಿದಾಗ ಉಚಿತವಾಗಿ ಮಾತಾಡಲು ಟೆಲಿ–ಮಾನಸ್‌ನ 14416 ಇದೆ. ಫಲಿತಾಂಶದ ದಿನ ಪ್ರತಿ ಮನೆಯಲ್ಲೂ ಇವೆರಡು ಗೊತ್ತಿರಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡ, ಬೆಂಚು ಕೊಡುವವರು ಕೊಡಲಿ. ಅದರ ಜೊತೆಗೆ ವರ್ಷಕ್ಕೊಂದು ದಿನ ಹತ್ತನೇ ತರಗತಿಯ ಮುಂದೆ ನಿಂತು, ನಿಮ್ಮ ಕೆಲಸವೇನು, ಅದಕ್ಕೆ ಏನು ಓದಿದಿರಿ, ಎಷ್ಟು ಖರ್ಚಾಯಿತು, ಎಲ್ಲಿ ಎಡವಿದಿರಿ ಎಂದು ಹೇಳಿ. ಡ್ರೈವರ್, ನರ್ಸ್, ರೈತ, ಎಂಜಿನಿಯರ್ ಎಲ್ಲರೂ ಬನ್ನಿ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ನಿಮ್ಮಲ್ಲೇ ಇದೆ.